ಭಾಮಿನಿಗೆ ವೀರರಸ ಹುಟ್ಟಿನಿಂದ ಬಂದದ್ದಲ್ಲ

ಯುದ್ಧದ ಪದ್ಯ ಕೊಟ್ಟು ಛಂದಸ್ಸು ನೋಡಿ ಎಂದರೆ ಉಡುಪಿ, ಮಂಗಳೂರಿನ ಕಾಲೇಜು ಮಕ್ಕಳು ಪ್ರಸ್ತಾರ ಹಾಕುವುದರಲ್ಲಿ, ಅಂದರೆ ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಗುರುತಿಸಿ ಎಣಿಸುವುದರಲ್ಲಿ, ಚುರುಕು. ಆರು ಸಾಲಿನ ಭಾಮಿನಿಯಲ್ಲಿ ಗಿಡ್ಡ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23, ಒಟ್ಟು 102. ಸರಿಯೇ. ಆಮೇಲೆ ಬರುತ್ತದೆ ನೋಡಿ, 'ಭಾಮಿನಿ ಷಟ್ಪದಿಯಾದ್ದರಿಂದ ವೀರರಸ ಉಕ್ಕುತ್ತದೆ.' ಓದಿ ಓದಿ ಸಾಕಾಯಿತು ಮಾರಾಯ್ರೆ!

ಕುಮಾರವ್ಯಾಸನ ಭಾರತದ ಹತ್ತು ಪರ್ವಗಳೂ ಭಾಮಿನಿಯಲ್ಲೇ ಇವೆ. ದ್ರೌಪದಿಯ ಸ್ವಯಂವರ ಅದರಲ್ಲೇ, ಅವಳ ಗೋಳೂ ಅದರಲ್ಲೇ, ಗದಾಯುದ್ಧವೂ ಅದರಲ್ಲೇ. ಮೂರು ಮಾತ್ರೆಯ ಗಣ (ಗುಂಪು), ಆಮೇಲೆ ನಾಲ್ಕರದ್ದು, ಈ ನಡೆ ಎಲ್ಲಕ್ಕೂ ಒಂದೇ. ಆ ಮೂರನ್ನೂ ನಾಲ್ಕನ್ನೂ ಕವಿ ಲಘುವಿನಿಂದ ತುಂಬಿದನೋ ಗುರುವಿನಿಂದಲೋ, ನೋಡಬೇಕಾದ್ದು ಅದನ್ನು. ಮಾದರಿಗೆಂದು ಕಟ್ಟಿದ ಎರಡು ಸಾಲು:

ಕುದುರೆ ಕೆನೆಯಿತು ರಥವು ಮುರಿಯಿತು
ಬೆದರದೆದ್ದನು ಧನುವ ಮಿಡಿದನು

ಮೊದಲ ಸಾಲಿನ 14 ಅಕ್ಷರವೂ ಲಘು. ನಾಲಗೆ ನಿಲ್ಲದೆ ಓಡುತ್ತದೆ. ಎರಡನೆಯದರಲ್ಲಿ 13 ಅಕ್ಷರ, ಗುರು ಒಂದೇ, ಮುಂದೆ ಒತ್ತಕ್ಷರವಿರುವ 'ದೆ'. ಓಟ ತಡೆಯುವುದು ಸರಿಯಾಗಿ ವೀರ ಎದ್ದು ನಿಲ್ಲುವಲ್ಲಿ. ಗಣ ಒಡೆಯುವುದು 'ಬೆದರ | ದೆದ್ದನು' ಎಂದು. ಪದ ಮುಗಿದಲ್ಲಿ ಗೆರೆ ಎಳೆಯುವವರು ಇಲ್ಲೇ ಮುಗ್ಗರಿಸುತ್ತಾರೆ. ವಿಶ್ಲೇಷಣೆ ಎಂದರೆ ಇಷ್ಟನ್ನು ಬರೆಯುವುದು, 102 ಅಲ್ಲ.

ಪ್ರಾಸವನ್ನು ಸಾಲಿನ ತುದಿಯಲ್ಲಿ ಹುಡುಕಬೇಡಿ. ಎರಡನೆಯ ಅಕ್ಷರದ ವ್ಯಂಜನ ಎರಡೂ ಕಡೆ ದಕಾರ, ಸ್ವರ ಬೇರೆಯಾದರೂ ಅಡ್ಡಿಯಿಲ್ಲ. ಹಿಂದಿನದು ಲಘು, ಹಾಗಾಗಿ ಸಿಂಹಪ್ರಾಸ. ತುದಿಯ 'ಯಿತು-ಯಿತು', 'ನು-ನು' ಪುನರಾವರ್ತನೆಯ ಲೆಕ್ಕಕ್ಕೆ ಹೋಗುತ್ತದೆ: ಮೊದಲು ಸೈನ್ಯಕ್ಕೆ ಆದದ್ದು, ಆಮೇಲೆ ಒಬ್ಬ ಮಾಡಿದ್ದು. ಆದರೆ ಕ್ರಿಯಾಪದದ ಪ್ರತ್ಯಯ ತಾನಾಗಿ ಬಂದಿರಲೂಬಹುದು. ಹಿಂದುಮುಂದಿನ ನಾಲ್ಕಾರು ಪದ್ಯ ಓದದೆ 'ಕವಿಯ ಉದ್ದೇಶ' ಎಂದು ಬರೆಯಬೇಡಿ.

ಗಣ ಲಘು-ಗುರುವಿನಿಂದ ಶುರುವಾಗಬಾರದು. ಹಾಗೆ ಶುರುವಾಯಿತೋ, ಕವಿಯನ್ನು ದೂರುವ ಮೊದಲು ನಿಮ್ಮ ಎಣಿಕೆ ನೋಡಿಕೊಳ್ಳಿ. ಹೆಚ್ಚಾಗಿ ವಟ್ರಸುಳಿಯನ್ನು (ಋ ಸ್ವರದ ಗುರುತು) ಒತ್ತಕ್ಷರವೆಂದು ಎಣಿಸಿರುತ್ತೀರಿ. 'ಅಮೃತ' ಮೂರೂ ಲಘು. 'ಸಮಗ್ರ'ದಲ್ಲಿ 'ಮ' ಗುರು. ಇನ್ನು ಆಟ ನೋಡಿ ಪ್ರಸ್ತಾರ ಹಾಕುವವರಿಗೊಂದು ಮಾತು: ಯಕ್ಷಗಾನದಲ್ಲಿ ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆ, ರಾಗ ಎಳೆದು ಹಾಡುತ್ತಾರೆ. ಭಾಗವತರು 'ಕುದುರೇ' ಎಂದ ಮಾತ್ರಕ್ಕೆ 'ರೆ' ಗುರುವಾಗದು. ಕಾಗದದಲ್ಲಿ ಇದ್ದದ್ದನ್ನೇ ಎಣಿಸಿ.