ಸಿಮೆಟ್ರಿ: ನಮಗೂ ರಾಕ್ಷಸನಿಗೂ ಒಂದೇ ನಿಯಮ

ಭಾನುವಾರ ಮಧ್ಯಾಹ್ನ ಮಲ್ಲೇಶ್ವರದ ಒಂದು ಮನೆಯಲ್ಲಿ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಕಥೆ ನಡೆಸುವುದು, ರಾಕ್ಷಸರನ್ನು ಆಡಿಸುವುದು ನನ್ನ ಪಾಲು. ಆ ಜಾಗದಲ್ಲಿ ಕೂತವರನ್ನು ಡಿಎಂ ಅನ್ನುತ್ತಾರೆ. ಒಂದು ವಾರ ಹಗ್ಗದ ಸೇತುವೆಯ ಮೇಲೆ ಕಾಳಗ ನಡೆದಿತ್ತು. ನನ್ನ ಓಗರ್, ಅಂದರೆ ಒಂದು ದೈತ್ಯ ರಾಕ್ಷಸ, ಗದೆ ಬೀಸಿತು. ಒಬ್ಬ ಆಟಗಾರ್ತಿಗೆ ಪೆಟ್ಟು ಬಿತ್ತು, ಅದೇ ಏಟಿಗೆ ಅವಳನ್ನು ಸೇತುವೆಯಿಂದ ಕೆಳಕ್ಕೂ ತಳ್ಳಿದೆ. ಮೂವತ್ತು ಅಡಿ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮೇಲೆ ಹತ್ತಿ ಬಂದು, "ಈಗ ನಾನೂ ಹೊಡೆದು ತಳ್ಳುತ್ತೇನೆ" ಅಂದಳು. ನಾನು, "ಹೊಡಿ, ಇಲ್ಲಾ ತಳ್ಳು, ಎರಡೂ ಒಟ್ಟಿಗೆ ಆಗಲ್ಲ" ಅಂದೆ. ಪುಸ್ತಕದ ಪ್ರಕಾರ ಅದು ಸರಿಯೇ. ಆದರೆ ಓಗರ್‌ಗೆ ಮಾತ್ರ ಹೇಗಾಯಿತು ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಟೇಬಲ್ ಸುತ್ತ ಎಲ್ಲರೂ ಸುಮ್ಮನಾದರು.

ಈ ಪ್ರಶ್ನೆಗೆ ಒಂದು ಹೆಸರಿದೆ: ಸಿಮೆಟ್ರಿ. ಆಟಗಾರರ ಪಾತ್ರಗಳಿಗೂ ಡಿಎಂ ಆಡಿಸುವ ರಾಕ್ಷಸರಿಗೂ ಕಾಳಗದಲ್ಲಿ ಒಂದೇ ನಿಯಮ ಇರುವುದು.

ನಮ್ಮ ಮನೆಯ ಆಟಗಳಲ್ಲೇ ಇದರ ಎರಡೂ ಬಗೆ ಇವೆ. ಚೌಕಾಬಾರದಲ್ಲಿ ಎಲ್ಲರಿಗೂ ಅದೇ ಕವಡೆ, ಅದೇ ಕಟ್ಟೆ. ಚೌಕ ಬಿದ್ದರೆ ಅಜ್ಜಿಗೂ ಇನ್ನೊಂದು ಸಲ, ಮೊಮ್ಮಗನಿಗೂ ಇನ್ನೊಂದು ಸಲ. ಆಡು-ಹುಲಿ ಆಟ ಹಾಗಲ್ಲ. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡು ಯಾರನ್ನೂ ತಿನ್ನುವಂತಿಲ್ಲ, ಗುಂಪುಗೂಡಿ ಹುಲಿಯ ದಾರಿ ಕಟ್ಟಬೇಕು. ನಿಯಮ ಬೇರೆ ಬೇರೆ, ಆದರೂ ಅದನ್ನು ಯಾರೂ ಮೋಸ ಅನ್ನಲ್ಲ. ಯಾಕೆಂದರೆ ಕೂರುವ ಮೊದಲೇ ಇಬ್ಬರಿಗೂ ಗೊತ್ತು.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಆಟಗಾರನ ಪಾತ್ರಕ್ಕೆ ಶಕ್ತಿ, ಬುದ್ಧಿ, ಚುರುಕುತನ ಅಂತ ಅಂಕಗಳಿದ್ದವು. ರಾಕ್ಷಸರಿಗೆ ಅವು ಇರಲಿಲ್ಲ. 1978ರ ರೂನ್‌ಕ್ವೆಸ್ಟ್ ಅನ್ನುವ ಇಂಥದ್ದೇ ಇನ್ನೊಂದು ಆಟ ಇಬ್ಬರಿಗೂ ಅದೇ ಅಂಕ ಕೊಟ್ಟಿತು. ಅಲ್ಲಿ ರಾಕ್ಷಸನ ಕೈ ಕತ್ತರಿಸಬಹುದು, ನಿಮ್ಮದೂ ಹೋಗಬಹುದು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೇ ಆವೃತ್ತಿ ಈ ದಾರಿಯಲ್ಲಿ ತುಂಬಾ ದೂರ ಹೋಯಿತು. ರಾಕ್ಷಸನನ್ನೂ ಪಾತ್ರದ ಹಾಗೆಯೇ ಲೆಕ್ಕ ಹಾಕಿ ಕಟ್ಟಬೇಕು. ಓದಲು ಚೆಂದ, ಆದರೆ ಡಿಎಂಗೆ ಕೆಲಸ ಜಾಸ್ತಿ. ಮೂರು ಸುತ್ತಿನಲ್ಲಿ ಸಾಯುವ ರಾಕ್ಷಸನಿಗಾಗಿ ಇಡೀ ಸಂಜೆ ಕೂರಬೇಕಾಗುತ್ತಿತ್ತು.

2008ರ ನಾಲ್ಕನೇ ಆವೃತ್ತಿ ಹಿಂದಕ್ಕೆ ತಿರುಗಿತು. ಅದರಲ್ಲಿ ಮಿನಿಯನ್ ಅಂತ ಒಂದು ಬಗೆ ಬಂತು. ಅದಕ್ಕಿರುವುದು ಒಂದೇ ಒಂದು ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ; ಒಂದು ಏಟು ತಗುಲಿದರೆ ಕಥೆ ಮುಗಿಯಿತು. ಕನ್ನಡದಲ್ಲಿ ಇದಕ್ಕೆ ಮೊದಲೇ ಮಾತಿದೆ: ಆಟಕ್ಕುಂಟು ಲೆಕ್ಕಕ್ಕಿಲ್ಲ.

ನನ್ನನ್ನು ತುಂಬಾ ಕಾಡಿದ್ದು ಇನ್ನೊಂದು ಸಂಗತಿ. ನಿಯಮ ಒಂದೇ ಇದ್ದರೂ ಅದರ ಭಾರ ಇಬ್ಬರ ಮೇಲೆ ಒಂದೇ ಥರ ಬೀಳಲ್ಲ. ಕ್ರಿಟಿಕಲ್ ಹಿಟ್ ನೋಡಿ. ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಪೆಟ್ಟಿನ ದಾಳಗಳು ದುಪ್ಪಟ್ಟು. ಇದು ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸ ಒಂದು ಕಾಳಗಕ್ಕಷ್ಟೇ ಬದುಕಿರುತ್ತದೆ. ಅದರ ಮೇಲೆ ನಾಲ್ಕು ಸಲ ಕತ್ತಿ ಬೀಸಿದರೆ ಒಂದಾದರೂ ಕ್ರಿಟಿಕಲ್ ಆಗುವ ಸಾಧ್ಯತೆ ನೂರಕ್ಕೆ ಸುಮಾರು 19. ನಿಮ್ಮ ಪಾತ್ರ ವಾರದಿಂದ ವಾರಕ್ಕೆ ಬದುಕಬೇಕು. ಅದು ಇಪ್ಪತ್ತು ಸಲ ದಾಳಿ ಎದುರಿಸಿದರೆ ಅದೇ ಸಾಧ್ಯತೆ 64ಕ್ಕೆ ಏರುತ್ತದೆ, ಮುಂದೆಯೂ ಏರುತ್ತಲೇ ಹೋಗುತ್ತದೆ. 2022ರಲ್ಲಿ ಪರೀಕ್ಷೆಗೆ ಬಿಟ್ಟ ಹೊಸ ನಿಯಮಗಳಲ್ಲಿ ರಾಕ್ಷಸರ ಕ್ರಿಟಿಕಲ್ ತೆಗೆದು ನೋಡಿದರು. ಅದು ಉಳಿಯಲಿಲ್ಲ.

ಸಾವಿನಲ್ಲೂ ಹೀಗೆಯೇ. 2014ರ ಐದನೇ ಆವೃತ್ತಿಯಲ್ಲಿ ಆಟಗಾರನ ಹಿಟ್ ಪಾಯಿಂಟ್ ಸೊನ್ನೆಯಾದರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪುತ್ತದೆ ಅಷ್ಟೇ. ಆಮೇಲೆ ಪ್ರತಿ ಸರದಿಗೂ ದಾಳ ಉರುಳಿಸಬೇಕು. ಮೂರು ಸಲ ಗೆದ್ದರೆ ಜೀವ ನಿಲ್ಲುತ್ತದೆ, ಮೂರು ಸಲ ಸೋತರೆ ಹೋಗುತ್ತದೆ. ರಾಕ್ಷಸ ಸೊನ್ನೆಗೆ ಬಂದರೆ ಹೆಚ್ಚಿನ ಡಿಎಂಗಳು ಅಲ್ಲಿಗೇ ಮುಗಿಸುತ್ತಾರೆ. ಈ ಭೇದ ನನಗೆ ಒಪ್ಪಿಗೆ. ವರ್ಷಗಟ್ಟಲೆ ಸಾಕಿದ ಪಾತ್ರ ಒಂದು ಕೆಟ್ಟ ದಾಳಕ್ಕೆ ಹೋಗಬಾರದು, ಅಲ್ವಾ?

ಹಾಗಾಗಿ ಸಿಮೆಟ್ರಿ ಅಂದಾಗ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಒಂದು, ಹಾಳೆಯ ಮೇಲೆ ರಾಕ್ಷಸನನ್ನು ಕಟ್ಟುವ ಲೆಕ್ಕ. ಅದು ಬೇರೆ ಇರಲಿ, ಯಾರಿಗೂ ನಷ್ಟವಿಲ್ಲ. ಇನ್ನೊಂದು, ಕಾಳಗದೊಳಗೆ ಜಗತ್ತು ನಡೆದುಕೊಳ್ಳುವ ರೀತಿ. ಹಿಡಿದರೆ ಏನಾಗುತ್ತದೆ, ಕತ್ತಲಲ್ಲಿ ಬಚ್ಚಿಟ್ಟುಕೊಂಡರೆ ಯಾರಿಗೆ ಕಾಣುತ್ತದೆ, ಬಿದ್ದರೆ ಎಷ್ಟು ಪೆಟ್ಟು. ಇಲ್ಲಿ ನಿಯಮ ಒಂದೇ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆಟಗಾರ ಕಲಿಯುವುದೇ ಪೆಟ್ಟು ತಿಂದು. ತನಗೆ ಆದದ್ದನ್ನು ನೋಡಿ ಮುಂದಿನ ಉಪಾಯ ಹೂಡುತ್ತಾನೆ. ಆ ಪಾಠ ಅವನ ಸರದಿಗೆ ಸುಳ್ಳಾದರೆ ಯೋಚನೆ ಮಾಡುವುದನ್ನೇ ಬಿಡುತ್ತಾನೆ, ಸುಮ್ನೆ ದಾಳ ಎಸೆಯುತ್ತಾನೆ.

ರಾಕ್ಷಸನಿಗೆ ವಿಶೇಷ ಶಕ್ತಿ ಕೊಡಬಾರದು ಅಂತಲ್ಲ. ಡ್ರ್ಯಾಗನ್ ಬೆಂಕಿ ಉಗುಳಿದರೆ ನಾನೂ ಉಗುಳುತ್ತೇನೆ ಅಂತ ಯಾರೂ ಕೇಳಲ್ಲ. ಕಾರಣ ಕಣ್ಣೆದುರಿಗೇ ಇದೆ. ನನ್ನ ಓಗರ್‌ಗೆ ಅಂಥ ಕಾರಣ ಇರಲಿಲ್ಲ.

ಮುಂದಿನ ಭಾನುವಾರ ಕಾಫಿ ಬರುವ ಮೊದಲೇ ಹೇಳಿದೆ: ನಮ್ಮ ಟೇಬಲ್‌ನಲ್ಲಿ ಇನ್ನು ಮೇಲೆ ಎರಡು ಕೈಯ ಭಾರದ ಆಯುಧ ಹಿಡಿದವರು ಯಾರೇ ಆಗಲಿ, ಅರ್ಧ ಪೆಟ್ಟು ಬಿಟ್ಟುಕೊಟ್ಟರೆ ತಳ್ಳಬಹುದು. ಓಗರ್‌ಗೂ ಅಷ್ಟೇ. ಅವಳು ತನ್ನ ಕತ್ತಿ ಚೀಲಕ್ಕೆ ಹಾಕಿ ಸತ್ತ ಓಗರ್‌ನ ಗದೆ ಎತ್ತಿಕೊಂಡಳು. ಎರಡನೇ ಓಗರ್ ಅದೇ ಸೇತುವೆಯಿಂದ ಬಿತ್ತು. ಹತ್ತು ಅಡಿಗೆ ಒಂದರಂತೆ ಆರು ಮುಖದ ಮೂರು ದಾಳ ಉರುಳಿಸಿದೆವು, ಅವಳು ಬಿದ್ದಾಗ ಉರುಳಿಸಿದಷ್ಟೇ.