ತಡೆದ ಸರಕು, ಬಿಟ್ಟುಹೋದ ಸರಕು: ಡೆಮರೇಜ್ ಎಲ್ಲಿಯವರೆಗೆ?

ಬಂದರಿನಲ್ಲಿ ಸರಕು ನಿಂತುಬಿಟ್ಟಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾರಾದರೂ ತಡೆದಿದ್ದಾರೋ, ಬಿಡಿಸಿಕೊಳ್ಳಲು ಯಾರೂ ಬಂದಿಲ್ಲವೋ? ಎರಡಕ್ಕೂ ಕಾನೂನು ಬೇರೆ. ಗಡುವಿನೊಳಗೆ ಕಂಟೇನರ್ ಮರಳಿಸದಿದ್ದರೆ ಹಡಗು ಕಂಪನಿ ದಿನದ ಲೆಕ್ಕದಲ್ಲಿ ಕೇಳುವ ಶುಲ್ಕವಾದ ಡೆಮರೇಜ್ ಎಲ್ಲಿಗೆ ನಿಲ್ಲುತ್ತದೆ ಎಂಬುದು ಆಮೇಲಿನ ಪ್ರಶ್ನೆ.

ಬಾಕಿ ಬರುವ ತನಕ ತಡೆದಿಡುವ ಹಕ್ಕೇ ಲಿಯನ್. ಸರಕು ಕೈಬಿಟ್ಟರೆ ಅದೂ ಹೋಯಿತು. ಹಳೇ ಬಾಕಿಗೆ ಈಗಿನ ಸರಕು ಹಿಡಿಯುವ ಹಕ್ಕನ್ನು 1872ರ ಕರಾರು ಅಧಿನಿಯಮದ ಕಲಂ 171 ಐವರಿಗಷ್ಟೇ ಕೊಡುತ್ತದೆ: ಬ್ಯಾಂಕರ್, ಫ್ಯಾಕ್ಟರ್ (ಸರಕು ಇಟ್ಟುಕೊಂಡು ಮಾರಿಕೊಡುವ ಏಜೆಂಟ್), ವಾರ್ಫಿಂಜರ್ (ಹಡಗುಕಟ್ಟೆ ನಡೆಸುವವರು), ಹೈಕೋರ್ಟ್ ಅಟಾರ್ನಿ, ಪಾಲಿಸಿ ಬ್ರೋಕರ್ (ವಿಮೆ ದಲ್ಲಾಳಿ). ಸರಕು ಸಾಗಣೆಯ ಏರ್ಪಾಡು ಮಾಡಿಕೊಡುವ ಫ್ರೈಟ್ ಫಾರ್ವರ್ಡರ್ ಇದರಲ್ಲಿಲ್ಲ. ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿಕೊಂಡಿರದಿದ್ದರೆ, ಹೋದ ವರ್ಷದ ಬಿಲ್ಲಿಗೆ ಈ ಸಲದ ಕಂಟೇನರ್ ತಡೆಯಲು ಅವರು ಈ ಕಲಮನ್ನು ನೆಚ್ಚುವಂತಿಲ್ಲ. ಆದರೆ ಪೋರ್ಟ್ ಟ್ರಸ್ಟ್ (ಆಗ ಬಂದರು ನಡೆಸುತ್ತಿದ್ದ ಸಂಸ್ಥೆ) ವಾರ್ಫಿಂಜರ್ ಆಗಿ ಈ ಹಕ್ಕು ಪಡೆಯಬಹುದು ಎಂದು ಶ್ರೀಯನೇಶ್ ನಿಟರ್ಸ್ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ಹೇಳಿದೆ.

ಯಾರೂ ಬಾರದ ಸರಕಿಗೆ 1962ರ ಕಸ್ಟಮ್ಸ್ ಅಧಿನಿಯಮ ನೋಡಿ. ಇಳಿಸಿದ 30 ದಿನಗಳೊಳಗೆ ಬಿಡಿಸಿಕೊಳ್ಳದಿದ್ದರೆ, ಆಮದುದಾರನಿಗೆ ನೋಟಿಸ್ ಕೊಟ್ಟು, ಅಧಿಕಾರಿಯ ಅನುಮತಿ ಪಡೆದು, ಸರಕು ಕಾಯುವವರು ಮಾರಬಹುದು (ಕಲಂ 48). ಬಂದ ಹಣದ ಸರದಿ ಕಲಂ 150ರಲ್ಲಿದೆ: ಮಾರಾಟದ ಖರ್ಚು, ಸಾಗಣೆದಾರನ ಫ್ರೈಟ್ (ಸಾಗಣೆ ಬಾಡಿಗೆ), ಸುಂಕ, ಕಾವಲಿನವರ ಶುಲ್ಕ, ಕಸ್ಟಮ್ಸ್‌ಗೆ ಮಾಲೀಕನ ಇತರ ಬಾಕಿ; ಉಳಿದರೆ ಮಾಲೀಕನಿಗೆ. ಸುಂಕಕ್ಕಿಂತ ಮೊದಲು ಫ್ರೈಟ್ ಬರುವುದು ನ್ಯಾಯವೇ ಎನ್ನುತ್ತೇನೆ. ಆದರೆ ತನಗೆ ಬರಬೇಕಾದ್ದನ್ನು ಕಾವಲಿನವರಿಗೆ ತಿಳಿಸಿರದ ಸಾಗಣೆದಾರನಿಗೆ ಆ ಸರದಿ ಸಿಗದು. ಕಲಂ 23ರಡಿ ಮಾಲೀಕ ಸರಕಿನ ಹಕ್ಕು ಬಿಟ್ಟುಕೊಟ್ಟರೆ ತಪ್ಪುವುದು ಸುಂಕವಷ್ಟೇ. ಹಡಗು ಕಂಪನಿಯೊಂದಿಗಿನ ಕರಾರು ಹಾಗೇ ಉಳಿಯುತ್ತದೆ.

ಹಾಗಾದರೆ ಡೆಮರೇಜ್ ಏರುತ್ತಲೇ ಇರಬಹುದೇ? ಇದಕ್ಕೆ ಇಂಗ್ಲೆಂಡಿನ ಎಂಎಸ್‌ಸಿ (ಹಡಗು ಕಂಪನಿ)–ಕಾಟನೆಕ್ಸ್ (ಸರಕು ಕಳಿಸಿದವರು) ಪ್ರಕರಣವನ್ನು ಗಮನವಿಟ್ಟು ಓದಿ. 2011ರಲ್ಲಿ 35 ಕಂಟೇನರ್ ಹತ್ತಿ ಬಾಂಗ್ಲಾದೇಶದ ಚಿತ್ತಗಾಂಗ್ ಬಂದರು ಸೇರಿತು. ಅಷ್ಟರಲ್ಲಿ ಹತ್ತಿಯ ಬೆಲೆ ಕುಸಿದಿತ್ತು. ಕೊಂಡವರು ಸರಕು ಬಿಡಿಸಿಕೊಳ್ಳಲಿಲ್ಲ. ಕೋರ್ಟಿನ ಆದೇಶವಿಲ್ಲದೆ ಮುಟ್ಟಲು ಕಸ್ಟಮ್ಸ್ ಬಿಡಲಿಲ್ಲ. ಖಾಲಿ ಕಂಟೇನರ್ ಒಂದರ ಬೆಲೆ 3,262 ಡಾಲರ್, ಎಲ್ಲ ಸೇರಿ ಸುಮಾರು 1.14 ಲಕ್ಷ. ಸರಕು ಕಳಿಸಿದವರಿಂದ ಹಡಗು ಕಂಪನಿ ಕೇಳಿದ ಡೆಮರೇಜ್ 10 ಲಕ್ಷ ಡಾಲರ್ ದಾಟಿತ್ತು!

2016ರಲ್ಲಿ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಗೆರೆ ಎಳೆಯಿತು. 2012ರ ಫೆಬ್ರವರಿ 2ರಂದು ಕಂಪನಿಯೇ ಕಂಟೇನರ್‌ಗಳನ್ನು ಮಾರಲು ಮುಂದೆ ಬಂದಿತ್ತು. ಅವು ಮರಳಿ ಬರುವ ನಿರೀಕ್ಷೆ ಅಂದಿಗೆ ಉಳಿದಿರಲಿಲ್ಲ. ಆ ಬಳಿಕ ಕರಾರು ಇನ್ನೂ ಜಾರಿಯಲ್ಲಿದೆ ಎಂದು ದಿನದ ಲೆಕ್ಕ ಎಣಿಸುತ್ತ ಕೂರುವಂತಿಲ್ಲ. ಡೆಮರೇಜ್ ಅಲ್ಲಿಗೇ ನಿಂತಿತು.