ತಗ್ಗು ಕಾರಿನಡಿ ಜ್ಯಾಕ್ ತೂರುತ್ತಿಲ್ಲ, ಹೇಗೆ ಎತ್ತಲಿ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಮೊದಲ ತಲೆಮಾರಿನ ಮಾಜ್ಡಾ ಮಿಯಾಟಾ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಹಿಂದಿನ ಮಾಲೀಕರು ಸ್ಪ್ರಿಂಗ್ ಬದಲಿಸಿ ಇನ್ನಷ್ಟು ತಗ್ಗಿಸಿದ್ದಾರೆ. ಆಯಿಲ್ ಬದಲಾಯಿಸೋಣ ಅಂದರೆ ನನ್ನ ಫ್ಲೋರ್ ಜ್ಯಾಕ್ (ಚಕ್ರಗಳ ಮೇಲೆ ಉರುಳುವ ಜ್ಯಾಕ್) ಬಂಪರ್ ಕೆಳಗೆ ಹೋಗುವುದೇ ಇಲ್ಲ. ಕಷ್ಟಪಟ್ಟು ತೂರಿಸಿದರೂ ಹಿಡಿ ಆಡಿಸಲು ಜಾಗವಿಲ್ಲ. ಪಕ್ಕದಿಂದಲೇ ಎತ್ತಿಬಿಟ್ಟರೆ ಆಗದೇ?

ಉತ್ತರ: ಪಕ್ಕದಿಂದ ಎತ್ತಬೇಡಿ ಅನ್ನುವುದಿಲ್ಲ. ಆದರೆ ನಿಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿದೆ. ಮೊದಲು ಕಾರನ್ನು ಹಲಗೆಯ ಮೇಲೆ ಹತ್ತಿಸಿ, ಜ್ಯಾಕ್ ಮಾತು ಆಮೇಲೆ.

ಮರದಂಗಡಿಯಲ್ಲಿ ‘ಟು ಬೈ ಟೆನ್’ ಕೇಳಿ. ಹೆಸರಿಗೆ ಎರಡು ಇಂಚು, ಅಳೆದರೆ ಒಂದೂವರೆ ಇಂಚು ದಪ್ಪ. ನಿಮ್ಮ ಟೈರಿಗಿಂತ ಅಗಲ. ಎರಡನ್ನು ಒಂದರ ಮೇಲೊಂದಿಟ್ಟು, ಮೇಲಿನದನ್ನು ಒಂದಡಿ ಗಿಡ್ಡ ಮಾಡಿ ಸ್ಕ್ರೂ ಹಾಕಿದರೆ ಮೆಟ್ಟಿಲಿನಂಥ ಜೋಡಿ ಸಿದ್ಧ. ಮುಂದಿನ ಎರಡೂ ಚಕ್ರಗಳನ್ನು ನಿಧಾನವಾಗಿ ಅದರ ಮೇಲೆ ಓಡಿಸಿದರೆ ಮೂಗು ಮೂರು ಇಂಚು ಮೇಲೇರುತ್ತದೆ. ಜ್ಯಾಕ್ ತೂರಲೂ ಹಿಡಿ ಆಡಿಸಲೂ ಈಗ ಜಾಗ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರ‍್ಯಾಂಪ್ ತಗ್ಗಿಸಿದ ಕಾರಿಗೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಇಳಿಜಾರು ಕಡಿದಾಗಿರುವುದರಿಂದ ಟೈರಿಗಿಂತ ಮೊದಲು ಬಂಪರ್ ತಾಗುತ್ತದೆ.

ಜ್ಯಾಕ್ ಕೂರಿಸುವ ಜಾಗವನ್ನು ಟಾರ್ಚ್ ಹಾಕಿ ನೋಡಿಯೇ ಕೂರಿಸಿ. ಮುಂದಿನ ಚಕ್ರಗಳ ನಡುವೆ ಅಡ್ಡಕ್ಕೆ ಉಕ್ಕಿನ ಕ್ರಾಸ್‌ಮೆಂಬರ್ ಇದೆ, ಅದರ ನಡುಮಧ್ಯಕ್ಕೆ ಕೊಡಿ. ಹತ್ತಿರದಲ್ಲೇ ಎಂಜಿನ್ ಆಯಿಲ್ ತುಂಬಿರುವ ತಟ್ಟೆ, ಅಂದರೆ ಆಯಿಲ್ ಸಂಪ್ ಇರುತ್ತದೆ, ಅದಕ್ಕೆ ತಾಗಬಾರದು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಹೋಗುವ ಅಲ್ಯೂಮಿನಿಯಂ ತೊಲೆಗೂ ಜ್ಯಾಕ್ ಕೊಡಬೇಡಿ. ಅದು ಭಾರ ಹೊರಲು ಇಟ್ಟಿದ್ದಲ್ಲ.

ಇನ್ನು ನೀವು ಕೇಳಿದ ಪಕ್ಕದ ಜಾಗ. ಬಾಗಿಲ ಕೆಳಗೆ ತಗಡುಗಳನ್ನು ಸೇರಿಸಿ ಬೆಸೆದ ತೆಳು ಅಂಚು ಉದ್ದಕ್ಕೂ ಇಳಿಬಿದ್ದಿರುತ್ತದೆ. ಕಂಪನಿ ಕಚ್ಚು ಹಾಕಿ ಗುರುತು ಮಾಡಿದ ಕಡೆ ಮಾತ್ರ ಅದು ಗಟ್ಟಿ. ಫ್ಲೋರ್ ಜ್ಯಾಕಿನ ಚಪ್ಪಟೆ ಬಟ್ಟಲನ್ನು ನೇರವಾಗಿ ಅಲ್ಲಿಗೆ ಕೊಟ್ಟರೆ ಅಂಚು ಮಡಚಿಕೊಳ್ಳುತ್ತದೆ, ಬಣ್ಣ ಬಿರಿಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಾದರೆ ತುಕ್ಕು ಅಲ್ಲಿಂದಲೇ ಶುರು. ಹಳೆಯ ಮಿಯಾಟಾ ಕೊಳ್ಳುವವರು ಬಗ್ಗಿ ಮೊದಲು ನೋಡುವುದೇ ಆ ಅಂಚನ್ನು. ಬಟ್ಟಲಿನ ಮೇಲಿಡಲು ನಡುವೆ ಸೀಳಿರುವ ರಬ್ಬರ್ ಬಿಲ್ಲೆ ಸಿಗುತ್ತದೆ; ಅಂಚು ಸೀಳಿನೊಳಗೆ ಕೂತು ಭಾರ ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಇಡುವುದು ಈ ಕಚ್ಚಿನ ಜಾಗದಲ್ಲೇ, ಆಗಲೂ ಬಿಲ್ಲೆ ಬೇಕು.

ಎತ್ತುವಾಗ ಜ್ಯಾಕಿನ ಚಕ್ರಗಳನ್ನು ಗಮನಿಸಿ. ಅದರ ತೋಳು ನೆಟ್ಟಗೆ ಮೇಲೇರುವುದಿಲ್ಲ, ಬಾಗಿದ ದಾರಿಯಲ್ಲಿ ಏರುತ್ತದೆ. ಹಾಗಾಗಿ ಒಂದೋ ಜ್ಯಾಕ್ ಉರುಳಬೇಕು, ಇಲ್ಲವೇ ಕಾರು ಉರುಳಬೇಕು. ಮಣ್ಣು, ಜಲ್ಲಿ, ಬಿರುಕಿನಲ್ಲಿ ಜ್ಯಾಕ್ ಸಿಕ್ಕಿಕೊಂಡರೆ ಬಟ್ಟಲು ಜಾರುತ್ತದೆ. ಸಮತಟ್ಟು ಕಾಂಕ್ರೀಟ್ ನೆಲ ಬೇಕೆನ್ನುವುದು ಇದಕ್ಕೇ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲುಗಳು ಹೂತುಕೊಳ್ಳುತ್ತವೆ, ಕೆಳಗೆ ದಪ್ಪ ಪ್ಲೈವುಡ್ ಹಾಕಿ.

ಈ ಕಾರಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತೊಂದಿದೆ. ಮಿಯಾಟಾದ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಎಂಜಿನ್ ತಿರುಗಿಸುವುದೂ ಹಿಂದಿನವನ್ನೇ, ಆದ್ದರಿಂದ ಗೇರಿನಲ್ಲಿ ಬಿಟ್ಟರೂ ಹಿಡಿತ ಅಲ್ಲಿಗೇ. ಆಯಿಲ್‌ಗಾಗಿ ಮುಂಭಾಗ ಎತ್ತುವಾಗ ಇದು ನಿಮ್ಮ ಪರ. ಮುಂದೊಂದು ದಿನ ಹಿಂಭಾಗ ಎತ್ತಿದಿರೋ, ಎರಡೂ ಹಿಡಿತ ಒಟ್ಟಿಗೇ ಹೋಯಿತು! ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ಆಗ ಯಾವುದೂ ತಡೆದಿರುವುದಿಲ್ಲ. ನಮ್ಮಲ್ಲಿ ಲಾರಿಯವರು ಟೈರಿಗೆ ಕಲ್ಲು ಕೊಡುತ್ತಾರಲ್ಲ, ಅದೇ ಕೆಲಸ: ನೆಲದಲ್ಲಿರುವ ಚಕ್ರಗಳಿಗೆ ಹಿಂದೂ ಮುಂದೂ ರಬ್ಬರ್ ತಡೆ ಕೊಡದೆ ಜ್ಯಾಕ್ ಮುಟ್ಟಬೇಡಿ. ಅಭ್ಯಾಸವಾಗುವ ತನಕ ನಾಲ್ಕೂ ಚಕ್ರ ಒಟ್ಟಿಗೆ ಎತ್ತುವುದೂ ಬೇಡ.

ಜ್ಯಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಸೋತರೂ ಕಾರು ಇಳಿಯುತ್ತದೆ. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಾರ್ಬರ್ ಫ್ರೈಟ್ ಅಂಗಡಿಗಳು ಮಾರಿದ್ದ 3 ಮತ್ತು 6 ಟನ್ನಿನ ಕೆಲವು ಸ್ಟ್ಯಾಂಡುಗಳ ಹಲ್ಲು ಸರಿಯಾಗಿ ಕಚ್ಚಿಕೊಳ್ಳದೆ ಜಾರಬಹುದೆಂದು 2020ರಲ್ಲಿ ಅವನ್ನು ವಾಪಸ್ ಕರೆಸಿದರು. ಬದಲಿಗೆ ಕೊಟ್ಟ ಕೆಲವಕ್ಕೂ ಬೆಸುಗೆ ದೋಷವೆಂದು ಅದೇ ವರ್ಷ ಮತ್ತೆ ವಾಪಸ್! ಹಳೆಯ ಸ್ಟ್ಯಾಂಡ್ ಯಾರಾದರೂ ಕೊಟ್ಟರೆ ಅದರ ಮಾಡೆಲ್ ನಂಬರನ್ನು ವಾಪಸಾತಿ ಪಟ್ಟಿಯಲ್ಲಿ ನೋಡಿ. ಹೊಸದು ಕೊಳ್ಳುವುದಾದರೆ ಅಡ್ಡ ಪಿನ್ ಹಾಕುವ ಸೌಲಭ್ಯವಿರುವುದನ್ನೇ ಕೊಳ್ಳಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಎರಡೂ ಬದಿ ಸ್ಟ್ಯಾಂಡ್ ಇಟ್ಟು ಕಾರನ್ನು ಅದರ ಮೇಲೆ ಕೂರಿಸಿದ ಮೇಲೆ, ಕೆಳಗೆ ಹೋಗುವ ಮೊದಲು ಫೆಂಡರ್ ಹಿಡಿದು ಬಲವಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಜ್ಯಾಕನ್ನು ಕ್ರಾಸ್‌ಮೆಂಬರಿಗೆ ಲಘುವಾಗಿ ತಾಗಿಸಿಯೇ ಬಿಡಿ, ಚಕ್ರದಡಿಯ ಹಲಗೆಗಳನ್ನೂ ತೆಗೆಯಬೇಡಿ: ಏನಾದರೂ ಹೆಚ್ಚುಕಡಿಮೆಯಾದರೆ ಕಾರು ಕುಸಿಯುವುದು ಅಷ್ಟು ಕಡಿಮೆಯಾಗುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಯೇ ಕೆಳಗೆ ಹೋಗಿ.

ಚಕ್ರ ಬಿಚ್ಚುವ ಕೆಲಸವಿದ್ದರೆ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಕೊನೆಯ ಬಿಗಿಯನ್ನೂ ಇಳಿಸಿದ ಮೇಲೆಯೇ ಕೊಡಿ. ನಿಮ್ಮ ಕಾರಿಗೆ ಅದು 88ರಿಂದ 118 ನ್ಯೂಟನ್ ಮೀಟರ್.